ಇದು ಯಾರ ನಾಯಿ?

(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸುತ್ತಣ ನಮ್ಮ ಹಳ್ಳಿಗಳಲ್ಲಿ ಎತ್ತು ಎಮ್ಮೆಗಳ ಕಿವಿಯಲ್ಲಿರುವ ಹಳದಿ ಬಿಲ್ಲೆಯನ್ನು ನೀವೆಲ್ಲರೂ ಕಂಡಿದ್ದೀರಿ. ಅದರ ಮೇಲಿನ 12 ಅಂಕಿಗಳ ಸಂಖ್ಯೆಯು ದೇಶದ ಮತ್ತಾವ ಪಶುವಿಗೂ ಇರದು. ಬೀದರಿನಲ್ಲಿ ಕೊಂಡ ದೇವಣಿ ಎತ್ತು ಗಡಿ ದಾಟಿ ನಮ್ಮ ಕೊಟ್ಟಿಗೆಗೆ ಬಂದರೂ ಅದೇ ಸಂಖ್ಯೆ. ಅದಕ್ಕೆ ಹಾಕಿಸಿದ ಲಸಿಕೆಯ ವಿವರವೂ ಅದರಡಿಯಲ್ಲಿಯೇ ದಾಖಲಾಗುತ್ತದೆ. ಎತ್ತಿಗಿರುವ ಈ ಗುರುತು ಅಂಗಳದ ನಾಯಿಗೆ, ಒಲೆಯ ಬಳಿಯ ಬೆಕ್ಕಿಗೆ ಏಕಿಲ್ಲ?

ಕಳೆದ ವರ್ಷ ನಮ್ಮ ಶಾಲೆಯ ಬಾಲಕನೊಬ್ಬನನ್ನು ನಾಯಿ ಕಚ್ಚಿತು. ಗಾಯವನ್ನು ಸಾಬೂನಿನಿಂದ ತೊಳೆದು ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು. ಬಳಿಕ ಓಣಿಯಲ್ಲಿ ಮನೆಮನೆಗೆ ಹೋಗಿ ‘ಇದು ಯಾರ ನಾಯಿ?’ ಎಂದು ಕೇಳಿದೆವು. ಅದಕ್ಕೆ ರೊಟ್ಟಿ ಹಾಕಿದ ಕೈಗಳು ಹಲವಿದ್ದವು; ನಮ್ಮದೆನ್ನುವ ಬಾಯಿ ಒಂದೂ ಇರಲಿಲ್ಲ. ಕಳ್ಳನನ್ನು ಕಂಡು ಬೊಗಳಿದರೆ ನಮ್ಮ ನಾಯಿ, ಕಚ್ಚಿದರೆ ಬೀದಿಯ ನಾಯಿ! ರೇಬಿಸ್ ರೋಗದ ಲಕ್ಷಣಗಳು ಒಮ್ಮೆ ತೋರಿದರೆ ಪ್ರಾಣ ಉಳಿಯುವುದು ಅತಿ ವಿರಳ. ನಾಯಿಗೆ ಲಸಿಕೆಯಾಗಿತ್ತೋ ಇಲ್ಲವೋ ತಿಳಿಯದೆ ಆ ತಾಯಿ ಪಟ್ಟ ತಳಮಳವನ್ನು ನಾವು ಮರೆತಿಲ್ಲ. ಬಾಲಕನು ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಿ ಇಂದು ಕ್ಷೇಮವಾಗಿದ್ದಾನೆ.

ನಾಯಿ ಬೆಕ್ಕುಗಳ ಗುರುತಿಗಾಗಿ ಈಗ ಮೈಕ್ರೋಚಿಪ್ ಎಂಬ ಸಾಧನವಿದೆ. ಅದು ಅಕ್ಕಿಕಾಳಿನಷ್ಟು ಚಿಕ್ಕದು. ಪಶುವೈದ್ಯರು ಸೂಜಿಯ ಮೂಲಕ ಅದನ್ನು ಹೆಗಲುಗಳ ನಡುವೆ, ಚರ್ಮದ ಕೆಳಗೆ ಇರಿಸುತ್ತಾರೆ. ಓದುವ ಯಂತ್ರವನ್ನು ಸಮೀಪ ಹಿಡಿದರೆ 15 ಅಂಕಿಗಳ ಸಂಖ್ಯೆಯು ಕಾಣುತ್ತದೆ. ಅದರಲ್ಲಿ ಬ್ಯಾಟರಿಯಿಲ್ಲ, ಪ್ರಾಣಿ ಎಲ್ಲಿದೆಯೆಂದು ಅದು ತಿಳಿಸದು. ಒಡೆಯನ ಹೆಸರಿರುವುದು ನೋಂದಣಿಯ ದಾಖಲೆಯಲ್ಲಿ. ನೋಂದಣಿಯಿಲ್ಲದ ಚಿಪ್, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಕ್ರಮಸಂಖ್ಯೆಯಂತೆ ನಿರರ್ಥಕ. ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗಳಿಗೂ 2024ರಿಂದ ಬೆಕ್ಕುಗಳಿಗೂ ಇದು ಕಡ್ಡಾಯವಾಗಿದೆ. ಬೆಂಗಳೂರಿನಲ್ಲಿ 2024ರಲ್ಲಿ ಬೀದಿನಾಯಿಗಳಿಗೆ ಇದನ್ನು ಅಳವಡಿಸುವ ಪ್ರಯೋಗ ಆರಂಭವಾಯಿತು.

ಚಿಪ್ ನಮ್ಮೂರಿಗೆ ಬರಲೆಂದು ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪೋಷಕರೆ, ಮೂರು ತಿಂಗಳಾದ ಮರಿಗೆ ರೇಬಿಸ್ ಲಸಿಕೆ ಹಾಕಿಸಿರಿ. ಮುಂದೆಯೂ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಿ ಚೀಟಿಯನ್ನು ಜೋಪಾನವಾಗಿಡಿರಿ. ಕೊರಳಪಟ್ಟಿಯ ಮೇಲೆ ಮನೆಯವರ ಹೆಸರು ಬರೆಯಿರಿ. ನೋಂದಣಿಯ ವಿಚಾರವನ್ನು ಪುರಸಭೆಯಲ್ಲಿ ವಿಚಾರಿಸಿರಿ. ವಿದ್ಯಾರ್ಥಿಗಳೆ, ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ ಬೈಗುಳಿಗೆ ಹೆದರಿ ಮುಚ್ಚಿಡಬೇಡಿರಿ. ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೇ ಹಿರಿಯರೊಡನೆ ಆಸ್ಪತ್ರೆಗೆ ಹೋಗಿರಿ. ಪ್ರಾಣಿಯ ಗುರುತು ಸಿಗುವವರೆಗೆ ಚಿಕಿತ್ಸೆಯನ್ನು ತಡಮಾಡಕೂಡದು.

ಸಾಕುವುದೆಂದರೆ ಉಳಿದ ರೊಟ್ಟಿಯನ್ನು ಹಾಕುವುದಷ್ಟೇ ಅಲ್ಲ. ‘ಇದು ಯಾರ ನಾಯಿ?’ ಎಂದು ಕೇಳಿದಾಗ, ಅದು ಮಾಡಿದ್ದು ಒಳಿತಾಗಲಿ ಕೆಡುಕಾಗಲಿ, ‘ನಮ್ಮದು’ ಎಂದು ಮುಂದೆ ಬರುವ ಧೈರ್ಯ ನಮ್ಮ ಮನೆಗಳಲ್ಲಿರಲಿ. ಇಷ್ಟನ್ನು ಬಿನ್ನವಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.