‘ಆನ್ ಬಿಹಾಫ್ ಆಫ್’: ಯಾರ ಪರವಾಗಿ, ಯಾರ ಕಡೆಯಿಂದ?



ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆಯಲ್ಲಿ ‘ಆನ್ ಬಿಹಾಫ್ ಆಫ್’ ಎಂಬ ಇಂಗ್ಲಿಷ್ ಪದಪುಂಜವನ್ನು ಕೇಳದವರು ನಮ್ಮಲ್ಲಿ ವಿರಳ. ಮಕ್ಕಳು ಅದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ‘ಪರವಾಗಿ’ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಪಾಠ ಅಲ್ಲಿಗೇ ನಿಂತರೆ ಎರಡು ತಪ್ಪುಗಳಿಗೆ ಎಡೆಯಾಗುತ್ತದೆ.

ಮೊದಲನೆಯದಾಗಿ, ಕನ್ನಡದ ‘ಪರವಾಗಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ‘ಸಂಘದ ಪರವಾಗಿ ಕಾರ್ಯದರ್ಶಿಗಳು ಸ್ವಾಗತಿಸಿದರು’ ಎಂಬಲ್ಲಿ ಪ್ರಾತಿನಿಧ್ಯವಿದೆ. ‘ಸದಸ್ಯರು ನಿರ್ಣಯದ ಪರವಾಗಿ ಮತ ನೀಡಿದರು’ ಎಂಬಲ್ಲಿ ಸಮ್ಮತಿಯಿದೆ. ನಮ್ಮ ಪದಪುಂಜವು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದಕ್ಕೆ ‘ಇನ್ ಫೇವರ್ ಆಫ್’ ಎನ್ನಬೇಕು.

ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ವೃತ್ತಿಯ ಆರಂಭದಲ್ಲಿ, ಕನ್ನಡ ಅಧ್ಯಾಪಕರ ನೇಮಕಾತಿಯನ್ನು ಕೋರಿ ಪಾಲಕರಿಗಾಗಿ ಇಂಗ್ಲಿಷಿನಲ್ಲಿ ಮನವಿ ಬರೆದುಕೊಟ್ಟೆ. ಕಚೇರಿಯ ಕಡೆಯಿಂದ ವಿಳಂಬವಾಗಿದೆ ಎನ್ನಲು ‘ಡಿಲೇ ಆನ್ ಬಿಹಾಫ್ ಆಫ್ ದಿ ಆಫೀಸ್’ ಎಂದು ಬರೆದಿದ್ದೆ. ಓದಿದ ಅಧಿಕಾರಿಗಳು, “ಹಾಗಾದರೆ ನಮಗಾಗಿ ವಿಳಂಬ ಮಾಡಿದವರು ಯಾರು?” ಎಂದು ನಕ್ಕರು. ಪಾಲಕರು ತಲೆ ತಗ್ಗಿಸಿದರು. ಅಲ್ಲಿ ಬೇಕಾಗಿದ್ದುದು ‘ಆನ್ ದ ಪಾರ್ಟ್ ಆಫ್’. ಒಬ್ಬರಿಂದಲೇ ಆದ ಕಾರ್ಯಕ್ಕೆ ಅಥವಾ ಲೋಪಕ್ಕೆ ಇದು. ಒಬ್ಬರಿಗಾಗಿ, ಅವರ ಸ್ಥಾನದಲ್ಲಿ ನಿಂತು ಮತ್ತೊಬ್ಬರು ಮಾಡಿದ್ದಕ್ಕೆ ‘ಆನ್ ಬಿಹಾಫ್ ಆಫ್’.

ಪದದ ಮೂಲವೂ ಇದನ್ನೇ ಹೇಳುತ್ತದೆ. ಇಂದು ‘ಅರ್ಧ’ ಎಂದಾಗುವ ‘ಹಾಫ್’ ಶಬ್ದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಪಾರ್ಶ್ವ’ ಎಂಬ ಅರ್ಥವೂ ಇತ್ತು. ನಮ್ಮ ‘ಪಕ್ಷ’ ಶಬ್ದವೂ ಹಾಗೆಯೇ: ಅದು ಪಾರ್ಶ್ವವೂ ಹೌದು, ಮಾಸದ ಅರ್ಧವೂ ಹೌದು.

ಬೋಧನೆಗೆ ನಮ್ಮ ಮಕ್ಕಳ ಬಹುಭಾಷಾ ಪರಿಚಯವೇ ಸಾಧನವಾಗಲಿ. ಸೊಲ್ಲಾಪುರದ ಮಗು ಮರಾಠಿಯ ‘ವತೀನೆ’ಯನ್ನು ಬಲ್ಲದು, ನಮ್ಮ ‘ವತಿಯಿಂದ’ ಅದಕ್ಕೆ ಹತ್ತಿರದ ನಂಟು. ಆದೋನಿಯ ಮಗು ತೆಲುಗಿನ ‘ತರಫುನ’ವನ್ನೂ ಹೊಸೂರಿನ ಮಗು ತಮಿಳಿನ ‘ಸಾರ್ಬಿಲ್’ ಎಂಬುದನ್ನೂ ಕೇಳಿರುತ್ತದೆ. ಕಾಸರಗೋಡಿನಲ್ಲಿ ಮಲಯಾಳದ ‘ವೇಂಡಿ’ ನೆರವಾದೀತು. ಆದರೆ ಅದರ ವ್ಯಾಪ್ತಿ ಹೆಚ್ಚು, ಬರಿಯ ‘ಗಾಗಿ’ ಎಂಬುದಕ್ಕೂ ಅದೇ ಬರುತ್ತದೆ ಎಂಬುದನ್ನು ತಿಳಿಸಬೇಕು.

ಬಳಿಕ ಪ್ರತಿ ಮಗುವಿನಿಂದಲೂ ತನ್ನ ಅಜ್ಜಿಯ ಪರವಾಗಿ ಒಂದು ಅರ್ಜಿಯನ್ನು ಬರೆಯಿಸಿರಿ. ಗಡಿಯಾಚೆಯ ನಮ್ಮ ಮನೆಗಳಲ್ಲಿ ಕಚೇರಿಯ ಕಾಗದವನ್ನು ಹಿರಿಯರಿಗಾಗಿ ಓದುವವರೂ ಬರೆಯುವವರೂ ಹೆಚ್ಚಾಗಿ ಮಕ್ಕಳೇ. ಆ ಕಾಗದದಲ್ಲಿ ಅಜ್ಜಿಯ ಮಾತು ತಪ್ಪಿಲ್ಲದೆ ತಲುಪಬೇಕು.