ಹುಟ್ಟನ್ನೇ ಅಪರಾಧವೆಂದ ಕಾನೂನು



ಗದಗ-ಬೆಟಗೇರಿ ಅವಳಿ ಊರಿನಲ್ಲಿ ಸೆಟ್ಲಮೆಂಟ್ ಅನ್ನುವ ಒಂದು ಭಾಗ ಇದೆ. ಹುಬ್ಬಳ್ಳಿಯಲ್ಲೂ ಸೊಲ್ಲಾಪುರದಲ್ಲೂ ಇದೇ ಹೆಸರಿನ ಬಡಾವಣೆಗಳಿವೆ. ಆಟೋದವರಿಗೆ ಅಷ್ಟು ಹೇಳಿದರೆ ಸಾಕು, ಕರೆದುಕೊಂಡು ಹೋಗಿ ಬಿಡುತ್ತಾರೆ. ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ಉತ್ತರ ತಿಳಿಯದು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ತಿಳಿದಿದೆ, ಅವರು ಎಲ್ಲರ ಮುಂದೆ ಹೇಳಿಕೊಳ್ಳುವುದಿಲ್ಲ. ಚರಿತ್ರೆಯಲ್ಲಿ ನಡೆದ ಅನ್ಯಾಯಗಳಿಂದ ನಾವೇನು ಕಲಿಯಬೇಕು ಎಂಬ ಇಂದಿನ ಮಾತನ್ನು ನಾನು ದೂರದ ದೇಶದಿಂದ ಶುರು ಮಾಡುವುದಿಲ್ಲ, ಬೆಟಗೇರಿಯಿಂದಲೇ ಶುರು ಮಾಡುತ್ತೇನೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂದಿತು. ಅದರ ಹೆಸರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಒಬ್ಬ ಮನುಷ್ಯ ಕಳವು ಮಾಡಿದರೆ ಅವನಿಗೆ ಶಿಕ್ಷೆ ಕೊಡಲು ಆಗಲೇ ದಂಡಸಂಹಿತೆ ಇತ್ತು. ಈ ಕಾಯ್ದೆಯ ಕೆಲಸ ಬೇರೆ. ಒಂದು ಇಡೀ ಸಮುದಾಯವನ್ನೇ ಅಪರಾಧಿ ಎಂದು ಸಾರಲು ಅದು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಹಾಗೆ ಹೊರಡಿಸಿದ ಆಜ್ಞೆ ತಪ್ಪು ಎಂದು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ಕಾಯ್ದೆ 1911ರ ತಿದ್ದುಪಡಿಯಿಂದ ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳಿಗೂ ಬಂತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ, ಮುಂಡರಗಿ ಕಡೆಯ ಕೊರಮರು, ಕೊರಚರು, ಹರಣಶಿಕಾರಿಗಳು, ಗಂಟಿಚೋರರು ಇಂಥ ಸಮುದಾಯಗಳ ಮೇಲೆ ಅದರ ನೆರಳು ಬಿತ್ತು.

ಈ ಜನ ಅದಕ್ಕೂ ಮೊದಲು ಏನು ಮಾಡುತ್ತಿದ್ದರು? ಕೊರಚರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದರು. ಕೊರಮರು ಈಚಲು, ಬಿದಿರಿನಿಂದ ಬುಟ್ಟಿ, ಮೊರ, ಕಸಬರಿಗೆ ಮಾಡುತ್ತಿದ್ದರು. ಹರಣಶಿಕಾರಿಗಳು ಬೇಟೆಗಾರರು. ಲಂಬಾಣಿಗರ ಹೇರೆತ್ತುಗಳಂತೂ ಸೈನ್ಯಗಳನ್ನೇ ಸಾಕಿದವು. ಟಿಪ್ಪುವಿನ ವಿರುದ್ಧ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ನಡೆದಾಗ ಅವನ ದಂಡಿಗೆ ದವಸ ಒದಗಿಸಿದವರಲ್ಲಿ ಅವರೂ ಇದ್ದರು. ನೂರು ವರ್ಷದೊಳಗೆ ಅದೇ ಬ್ರಿಟಿಷರಿಗೆ ಊರಿಂದೂರಿಗೆ ತಿರುಗುವ ಜನವೆಲ್ಲ ಸಂಶಯದ ಜನವಾದರು.

ಕಾರಣಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. 1876ರಿಂದ 78ರವರೆಗಿನ ಭೀಕರ ಬರ ಈ ಸೀಮೆಯ ದನಕರುಗಳನ್ನು ನುಂಗಿತು, ಹೇರೆತ್ತು ಇಲ್ಲದವನಿಗೆ ವ್ಯಾಪಾರ ಎಲ್ಲಿಯದು? ಬರದ ಬೆನ್ನಿಗೆ, 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ನಾಡಿಗೆ ಅದರಿಂದ ಉಪಕಾರವಾಯಿತು ನಿಜ, ಆದರೆ ಉಪ್ಪು ಹೊರುತ್ತಿದ್ದವರ ದಾರಿ ಅಲ್ಲಿಗೆ ಮುಗಿಯಿತು. 1878ರ ಅರಣ್ಯ ಕಾಯ್ದೆ ಕಾಡುಗಳನ್ನು ಸರ್ಕಾರದ ಸ್ವತ್ತು ಮಾಡುತ್ತ ಬಂತು. ಕಪ್ಪತಗುಡ್ಡದಂಥ ಕಡೆ ಈಚಲು ಕಡಿಯುವುದು, ಬೇಟೆಯಾಡುವುದು ತಪ್ಪಾಗತೊಡಗಿತು. ಮೊದಲು ಹೊಟ್ಟೆಪಾಡು ಹೋಯಿತು, ಆಮೇಲೆ ಮಾನ ಹೋಯಿತು. ಈ ಕ್ರಮವನ್ನು ಮರೆತು ಮಾತಾಡುವವರು ‘ಇವರು ಮೊದಲಿನಿಂದಲೂ ಹೀಗೆಯೇ’ ಎಂದುಬಿಡುತ್ತಾರೆ.

1857-58ರ ದಂಗೆ ಹುಟ್ಟಿಸಿದ ಭಯವೂ ಈ ಕಾಯ್ದೆಯ ಹಿಂದಿತ್ತು. ಮುಂಡರಗಿಯ ಭೀಮರಾಯ ದಂಗೆಯೆದ್ದು 1858ರ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಸತ್ತ. ನರಗುಂದದ ಬಾಬಾಸಾಹೇಬನನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ದಂಗೆಯ ನಂತರ ಯಾರು ಎಲ್ಲಿ ಇದ್ದಾರೆ, ಎಲ್ಲಿಗೆ ಹೋಗುತ್ತಾರೆ ಎಂಬುದು ಸರ್ಕಾರಕ್ಕೆ ದೊಡ್ಡ ಚಿಂತೆಯಾಯಿತು. ಭೀಮರಾಯನನ್ನು ನಾವು ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಆ ಭಯದ ಬೆಲೆಯನ್ನು ಮುಂದೆ ತಲೆಮಾರುಗಟ್ಟಲೆ ತೆತ್ತವರು ನಮ್ಮ ಪಾಠಗಳಲ್ಲಿ ಕಾಣುವುದೇ ಅಪರೂಪ.

ಈಗ ಕಾಯ್ದೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲಿಗೆ ರಿಜಿಸ್ಟರು. ಅದರಲ್ಲಿ ಹೆಸರು ಬರೆದು ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ಹೆಸರು ಬರೆಸಿಕೊಂಡವನು ಏನಾದರೂ ಮಾಡಿದ್ದಾನೆಯೇ ಎಂದು ಯಾರೂ ವಿಚಾರಿಸಬೇಕಾಗಿರಲಿಲ್ಲ, ಆ ಕುಲದಲ್ಲಿ ಹುಟ್ಟಿದ್ದೇ ಸಾಕಿತ್ತು. ಆಮೇಲೆ ಹಾಜರಿ. ಗೊತ್ತುಮಾಡಿದ ಹೊತ್ತಿಗೆ ಪೊಲೀಸರ ಮುಂದೆಯೋ ಊರ ಪಾಟೀಲನ ಮುಂದೆಯೋ ನಿಂತು ‘ಇದ್ದೇನೆ’ ಅನ್ನಬೇಕು. ಮಗಳ ಮನೆಗೆ ಹೋಗಬೇಕೆಂದರೂ ಸಂತೆಗೆ ಹೋಗಬೇಕೆಂದರೂ ಪಾಸು ಬೇಕು. ಪಾಸು ಇಲ್ಲದೆ ಸಿಕ್ಕಿಬಿದ್ದರೆ ಅದೇ ಅಪರಾಧ. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು. ಗದಗ, ಮುಂಡರಗಿ ಬ್ರಿಟಿಷರ ಕೈಲಿದ್ದರೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಉಳಿದವರಿಗೆ ಗದಗಿನಿಂದ ಲಕ್ಷ್ಮೇಶ್ವರ ಒಂದು ದಿನದ ಗಾಡಿ ದಾರಿ, ಪಟ್ಟಿಯಲ್ಲಿ ಹೆಸರಿದ್ದವನಿಗೆ ಅದು ಸರಹದ್ದು ದಾಟಿದಂತೆ.

ಶಿಕ್ಷೆಯಲ್ಲೂ ಭೇದವಿತ್ತು. ಬೇರೆಯವರಿಗೆ ಸಾಮಾನ್ಯ ಕಳವಿಗೆ ಹೆಚ್ಚೆಂದರೆ 3 ವರ್ಷ. 1924ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿದ್ದವನು ಕಾಯ್ದೆ ಹೆಸರಿಸಿದ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಗೊಳಗಾದರೆ ಕನಿಷ್ಠ 7 ವರ್ಷ, ಮೂರನೆಯ ಸಲ ಜೀವಾವಧಿ ಕರಿನೀರು. ಸಂಶಯ ಬರುವಂಥ ಸ್ಥಿತಿಯಲ್ಲಿ ಕಂಡರೂ ಜೈಲು.

ಸೆಟ್ಲಮೆಂಟುಗಳು ಹುಟ್ಟಿಕೊಂಡದ್ದು ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅಡಿಯಲ್ಲಿಯೇ. ಇಡೀ ಕುಟುಂಬಗಳನ್ನು ತಂದು ಒಂದು ಕಡೆ ಇರಿಸುವುದು, ಕೆಲಸಕ್ಕೆ ಹಚ್ಚುವುದು, ಹಾಜರಿ ತೆಗೆದುಕೊಳ್ಳುವುದು. ತಂದೆತಾಯಿಯಿಂದ ಮಕ್ಕಳನ್ನು ಬೇರ್ಪಡಿಸಿ ಶಾಲೆಗಳಲ್ಲಿ ಇಡಲೂ ಕಾಯ್ದೆಯಲ್ಲಿ ಅವಕಾಶವಿತ್ತು. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಹೀಗೆ ಸೆಟ್ಲಮೆಂಟು ಬಂದ ಊರುಗಳನ್ನು ನೋಡಿ: ಗಿರಣಿ, ಹತ್ತಿ ಪೇಟೆ, ರೈಲ್ವೆ ಕೆಲಸ ಇರುವ ಊರುಗಳೇ ಹೆಚ್ಚು. ಎಲ್ಲಿಗೂ ಬಿಟ್ಟುಹೋಗಲಾರದ ಕೂಲಿಯಾಳು ಯಾವ ಮಾಲೀಕನಿಗೆ ಬೇಡ?

ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳ ಹೊಣೆ ಹೊತ್ತವನು ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. ಇದೇ ಸ್ಟಾರ್ಟ್ ಮುಂದೆ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ತಿಳಿಯಲು ನೇಮಿಸಿದ ಸಮಿತಿಯ ಅಧ್ಯಕ್ಷನಾದ, ಆ ಸಮಿತಿಯಲ್ಲಿ ಡಾ. ಅಂಬೇಡ್ಕರರೂ ಸದಸ್ಯರಾಗಿದ್ದರು. ಅವನು ಕ್ರೂರಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸುಧಾರಣೆ ಮಾಡುತ್ತಿದ್ದೇವೆ ಎಂದು ಮನಸಾರೆ ನಂಬಿದ ಅಧಿಕಾರಿಗಳೂ ಮಿಷನರಿಗಳೂ ಇವುಗಳನ್ನು ನಡೆಸಿದರು. ಕೆಲವು ಮಕ್ಕಳು ಅಕ್ಷರ ಕಲಿತರು, ಕೆಲವರು ಕಸುಬು ಕಲಿತರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗೆಂದು ಪಾಸು ಇಲ್ಲದೆ ಹೊರಗೆ ಕಾಲಿಡಲಾಗದ ಮನುಷ್ಯನಿಗೆ ಕಲಿಸಿದ ಅಕ್ಷರವನ್ನು ಉಪಕಾರದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂಥ ಪಟ್ಟಿ ಎಲ್ಲಿಗೆ ಮುಟ್ಟಬಹುದು ಎಂದು ತಿಳಿಯಲು ಇದೇ ಕಾಲದ ಯುರೋಪಿನ ಕಡೆ ಒಮ್ಮೆ ನೋಡೋಣ. ಅಲ್ಲಿ ರೋಮಾ ಎಂಬ ಅಲೆಮಾರಿ ಜನರಿದ್ದಾರೆ, ಅವರ ಭಾಷೆಯ ಬೇರು ಉತ್ತರ ಭಾರತದಲ್ಲಿದೆ. ಜರ್ಮನಿಯ ಮ್ಯೂನಿಕ್ ನಗರದ ಪೊಲೀಸರು 1899ರಲ್ಲಿ ಈ ಜನರ ಮೇಲೆ ಕಣ್ಣಿಡಲೆಂದೇ ಒಂದು ಕಚೇರಿ ತೆರೆದು ಹೆಸರುಗಳ ಪಟ್ಟಿ ಮಾಡತೊಡಗಿದರು. 1926ರಲ್ಲಿ ಬವೇರಿಯಾ ಪ್ರಾಂತ ಅವರ ಓಡಾಟ ಕಟ್ಟಿಹಾಕುವ ಕಾನೂನು ಮಾಡಿತು. ಆಗಿನ್ನೂ ಹಿಟ್ಲರ್ ಅಧಿಕಾರಕ್ಕೆ ಬಂದಿರಲಿಲ್ಲ. ಅವನು ಬಂದಾಗ ಪಟ್ಟಿ ಸಿದ್ಧವಾಗಿಯೇ ಇತ್ತು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್ ಶಿಬಿರದಲ್ಲಿ 4 ಸಾವಿರಕ್ಕೂ ಹೆಚ್ಚು ರೋಮಾ ಜನರನ್ನು, ಮುದುಕರು ಮಕ್ಕಳೆನ್ನದೆ, ವಿಷಾನಿಲದಿಂದ ಕೊಂದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತವರು ಕನಿಷ್ಠ 2 ಲಕ್ಷ ಎಂದು ಇತಿಹಾಸಕಾರರ ಅಂದಾಜು. ಯುದ್ಧ ಮುಗಿದರೂ ಆ ಪಟ್ಟಿಯ ಮನಸ್ಸು ಸಾಯಲಿಲ್ಲ. 1956ರಲ್ಲಿ ಪಶ್ಚಿಮ ಜರ್ಮನಿಯ ಉನ್ನತ ನ್ಯಾಯಾಲಯ, 1943ಕ್ಕೆ ಮೊದಲು ಅವರಿಗೆ ಕೊಟ್ಟ ಹಿಂಸೆ ಜನಾಂಗದ್ವೇಷವಲ್ಲ, ಪೊಲೀಸರ ಮುಂಜಾಗ್ರತೆ ಎಂದು ತೀರ್ಪು ಕೊಟ್ಟಿತು. ಅಲ್ಲಿನ ಸರ್ಕಾರ ಇದು ನರಮೇಧ ಎಂದು ಒಪ್ಪಿಕೊಂಡದ್ದು 1982ರಲ್ಲಿ.

ಬೆಟಗೇರಿ ಆಶ್ವಿಟ್ಜ್ ಅಲ್ಲ. ಹಾಗೆ ಹೇಳಿದರೆ ಅಲ್ಲಿ ಸತ್ತವರಿಗೂ ಇಲ್ಲಿ ಬದುಕಿದವರಿಗೂ ಅನ್ಯಾಯ ಮಾಡಿದಂತೆ. ಆದರೆ ಎರಡೂ ಕಡೆ ಕಥೆ ಶುರುವಾದದ್ದು ಒಂದೇ ರೀತಿಯ ರಿಜಿಸ್ಟರಿನಿಂದ. ಇವನ ಹುಟ್ಟೇ ಸಾಕ್ಷಿ, ಬೇರೆ ಪುರಾವೆ ಬೇಡ ಎಂದು ಒಮ್ಮೆ ಬರೆದಿಟ್ಟರೆ, ಆ ಪುಸ್ತಕ ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದು ಬರೆದವನ ಹತೋಟಿಯಲ್ಲಿ ಇರುವುದಿಲ್ಲ.

1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ನರಮೇಧದ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು, ಮರುದಿನವೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನೂ ಅಂಗೀಕರಿಸಿತು. ಆ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಮಾಡಿಸಿದವರು ಭಾರತದ ಹಂಸಾ ಮೆಹತಾ. ಹೆಮ್ಮೆಯ ಸಂಗತಿ. ಆದರೆ ಆ ದಿನವೂ ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕಡತದಲ್ಲಿತ್ತು. 1936ರಲ್ಲಿಯೇ ನೆಹರೂ ಅವರು ನೆಲ್ಲೂರಿನಲ್ಲಿ ಇದನ್ನು ಕಟುವಾಗಿ ಖಂಡಿಸಿದ್ದರು. ಸಂವಿಧಾನ ಬಂದಮೇಲೂ ಅದು ಎರಡೂವರೆ ವರ್ಷ ಉಳಿಯಿತು. ಕಾಯ್ದೆಯನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ನಂತರ 1952ರ ಆಗಸ್ಟ್ 31ರಂದು ರದ್ದಾಯಿತು. ಈ ಸಮುದಾಯಗಳು ಅಂದಿನಿಂದ ವಿಮುಕ್ತರೆನಿಸಿಕೊಂಡವು. ಅವರಿಗೆ ಸ್ವಾತಂತ್ರ್ಯ ಬಂದದ್ದು ನಮಗಿಂತ ಐದು ವರ್ಷ ತಡವಾಗಿ.

ಕಾಯ್ದೆ ಹೋಯಿತು, ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ಕರ್ನಾಟಕದ್ದು 1961ರದು. ಮಾತು ಬದಲಾಯಿತು, ಸಂಶಯ ಬದಲಾಗಲಿಲ್ಲ. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ವಿಮುಕ್ತ ಸಮುದಾಯದ ಯುವಕ ಬಂಧನದಲ್ಲಿ ಸತ್ತ. ಮಹಾಶ್ವೇತಾದೇವಿ, ಮುಂದೆ ನಮ್ಮ ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿ, ಲಕ್ಷ್ಮಣ ಗಾಯಕವಾಡ ಈ ಲೇಖಕರೆಲ್ಲ ಸೇರಿ ವಿಮುಕ್ತರ ಹಕ್ಕುಗಳಿಗಾಗಿ ಸಂಘಟನೆ ಕಟ್ಟಿದ್ದು ಆ ವರ್ಷವೇ. 2000ದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ರೂಢಿಗತ ಅಪರಾಧಿ ಕಾಯ್ದೆಗಳನ್ನು ತೆಗೆಯಿರಿ ಎಂದಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ, ಜೈಲಿನ ನಿಯಮಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನೂ ವಿಮುಕ್ತರನ್ನು ಹುಟ್ಟುಗಳ್ಳರಂತೆ ಕಾಣುವುದನ್ನೂ ಸಂವಿಧಾನಬಾಹಿರ ಎಂದಿತು. ಅಂಥ ನಿಯಮಗಳು ಅಲ್ಲಿಯವರೆಗೆ ಪುಸ್ತಕದಲ್ಲಿ ಇದ್ದವು ಎಂಬುದನ್ನು ಗಮನಿಸಿ.

ಪುಸ್ತಕದ ನಿಯಮಗಳ ಮಾತು ಹಾಗಿರಲಿ, ಊರಲ್ಲಿ ಕಳವಾದಾಗ ಪೊಲೀಸರ ಜೀಪು ಮೊದಲು ಯಾವ ಓಣಿಗೆ ಹೋಗುತ್ತದೆ? ಬಾಡಿಗೆ ಮನೆ ಕೇಳಲು ಬಂದವನು ಸೆಟ್ಲಮೆಂಟಿನವನೆಂದು ತಿಳಿದರೆ ನಮ್ಮ ಮಾತು ಯಾಕೆ ಬದಲಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಸರ್ಕಾರದವರಷ್ಟೇ ಅಲ್ಲ.

ಕಾಯ್ದೆ ರದ್ದಾದಾಗ ಹತ್ತು ವರ್ಷದ ಹುಡುಗ ಹುಡುಗಿಯರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಶಾಲೆ ಕಾಲೇಜುಗಳ ಇತಿಹಾಸ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಆ ಹಿರಿಯರು ಇಷ್ಟಪಟ್ಟರೆ, ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಮುಂದೆ ಕುಳಿತುಕೊಳ್ಳಿ. ಅವರ ಮನೆಯವರ ಹೆಸರು ಯಾವಾಗ ಪಟ್ಟಿಗೆ ಏರಿತು, ಹಾಜರಿ ಎಲ್ಲಿ ನಡೆಯುತ್ತಿತ್ತು, ಪಾಸು ಯಾರು ಬರೆದುಕೊಡುತ್ತಿದ್ದರು, ಪಟ್ಟಿ ರದ್ದಾಯಿತು ಎಂಬ ಸುದ್ದಿ ಮನೆಗೆ ಹೇಗೆ ಮುಟ್ಟಿತು ಎಂದು ಕೇಳಿ. ಮೊಬೈಲಿನಲ್ಲಿ ದನಿ ಹಿಡಿದಿಡಿ. ಬರುವ ಆಗಸ್ಟ್ 31ರಂದು, ವಿಮುಕ್ತ ದಿನದಂದು, ಆ ದನಿಯನ್ನು ಶಾಲೆಯಲ್ಲಿ ಎಲ್ಲರಿಗೂ ಕೇಳಿಸಿ.