ವಾಂಕನ ಪತ್ರ ಮತ್ತು ನಾಳಿನ ಮಾಸ್ತರರು
(ಬಿಂಕದಕಟ್ಟಿಯಲ್ಲಿ ಮಾಡಿದ ಭಾಷಣ)



ರಷ್ಯದ ಚೆಖೋವ್ 1886ರಲ್ಲಿ ‘ವಾಂಕ’ ಎಂಬ ಕಥೆ ಬರೆದನು. ಮಾಸ್ಕೋದಲ್ಲಿ ಬೂಟು ಹೊಲಿಯುವವನ ಬಳಿ ದುಡಿಯುವ ಒಂಬತ್ತು ವರ್ಷದ ಹುಡುಗ, ಹೊಡೆತ ಹಸಿವು ತಾಳದೆ ಅಜ್ಜನಿಗೆ ಪತ್ರ ಬರೆಯುತ್ತಾನೆ. ವಿಳಾಸದಲ್ಲಿ ಅಜ್ಜನ ಹೆಸರುಂಟು, ಊರಿನ ಹೆಸರಿಲ್ಲ.

ನಾನು ಮಾಸ್ತರನಿದ್ದಾಗ ಈ ಕಥೆ ಹೇಳಿ, ಲೇಖಕನು ಹುಟ್ಟಿದ ವರ್ಷ ಕೇಳಿದೆ. ಹುಡುಗನೊಬ್ಬ, “ಆ ಪತ್ರ ಅಜ್ಜಗ ಮುಟ್ಟತೈತೇನ್ರಿ ಸರ?” ಎಂದ. ಅವನ ಅಣ್ಣ ಚಹದಂಗಡಿಯಲ್ಲಿ ಕಪ್ಪು ತೊಳೆಯುತ್ತಿದ್ದ. ನಾನು ಸುಮ್ಮನೆ ನಿಂತೆ.

ಟಾಲ್‌ಸ್ಟಾಯ್ 1859ರಲ್ಲಿ ಯಾಸ್ನಯ ಪೊಲ್ಯಾನದಲ್ಲಿ ರೈತರ ಮಕ್ಕಳಿಗೆ ಶಾಲೆ ತೆರೆದು, ಕಲಿಸುತ್ತ ಅವರಿಂದಲೇ ಕಲಿತನು. ನಾಳಿನ ಮಾಸ್ತರರಿಗೂ ತರಬೇತಿಯಲ್ಲಿ ಇದೇ ಆಗಬೇಕು: ಹೈಸ್ಕೂಲಿನಲ್ಲಿ ರಷ್ಯದ ಕಥೆ ಹೇಳುವ ಮುಂಚೆ ತಾವು ಪೂರ್ತಿ ಓದಲಿ, ಇಸವಿ ಕೇಳುವುದನ್ನು ಬಿಟ್ಟು ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕಲಿ. ಗಿರಣಿಯವರ, ಅಂಗಡಿಯವರ ಮಕ್ಕಳಿಗೆ ಅಂಥ ಮಾಸ್ತರರನ್ನು ಕೊಡಿರೆಂದು ನಾವು ಕೇಳೋಣ.